ರೋಗಿಯ ಗೋಪ್ಯತೆ: ಸಿಬ್ಬಂದಿ ತರಬೇತಿಯಲ್ಲಿ ಸ್ಲೈಡ್ ಬಿಟ್ಟು ಬೇರೇನು ಮಾಡಬಹುದು?

ತರಬೇತಿಮೇಜು
ಸುಮಾರು 150 ಸಿಬ್ಬಂದಿ ಇರುವ ಆಸ್ಪತ್ರೆಗೆ ಗೋಪ್ಯತೆಯ ತರಬೇತಿ ಹೊಸದಾಗಿ ರೂಪಿಸಬೇಕಿದೆ. ವೈದ್ಯರು, ನರ್ಸ್‌ಗಳು, ಲ್ಯಾಬ್, ಫಾರ್ಮಸಿ, ಬಿಲ್ಲಿಂಗ್, ಹೌಸ್‌ಕೀಪಿಂಗ್, ಸೆಕ್ಯುರಿಟಿ ಎಲ್ಲರೂ ಸೇರಿ ಈ ಲೆಕ್ಕ. ಸದ್ಯ ನಡೆಯುತ್ತಿರುವುದು ಎಲ್ಲ ಕಡೆ ಇರುವಂಥದ್ದೇ: ವರ್ಷಕ್ಕೊಮ್ಮೆ ಒಂದು ಗಂಟೆ ಸ್ಲೈಡ್, ಹತ್ತು ಪ್ರಶ್ನೆ, ಕೊನೆಗೊಂದು ಸಹಿ. ಪರೀಕ್ಷೆಯಲ್ಲಿ ಎಲ್ಲರೂ ಪಾಸ್. ಲಿಫ್ಟ್‌ನಲ್ಲಿ ಮಾತ್ರ ರೋಗಿಯ ಹೆಸರು ಹಿಡಿದೇ ಮಾತು. ಯಾರಿಗೆ ಏನು ಕಲಿಸಬೇಕು, ಎಷ್ಟು ಹೊತ್ತು ಕಲಿಸಬೇಕು, ಕಲಿತದ್ದು ಕೆಲಸಕ್ಕೆ ಬಂತೋ ಇಲ್ಲವೋ ಎಂದು ನೋಡುವುದು ಹೇಗೆ? ತಿಳಿದವರು ವಿವರವಾಗಿ ಬರೆಯಿರಿ.

ಕಡತಪಾಲಕ
"ರೋಗಿಯ ಮಾಹಿತಿ ಹೊರಗೆ ಹೇಳಬಾರದು" ಎಂಬ ನಿಯಮ ಗೊತ್ತಿಲ್ಲದ ಸಿಬ್ಬಂದಿಯೇ ಇಲ್ಲ. ಹಾಗಾಗಿ ಆ ನಿಯಮವನ್ನೇ ಒಂದು ಗಂಟೆ ಹೇಳಿದರೆ ಯಾರೂ ಏನೂ ಕಲಿಯುವುದಿಲ್ಲ. ಅವರಿಗೆ ಬೇಕಿರುವುದು ಎರಡು. ಎದುರಿಗೆ ನಿಂತವರು ಕೇಳಿದಾಗ ಬಾಯಿಗೆ ಬರಬೇಕಾದ ಸಿದ್ಧ ವಾಕ್ಯ ಒಂದು, ಆ ವಾಕ್ಯ ಹೇಳಲು ಆಗುವಂಥ ಜಾಗ ಇನ್ನೊಂದು.

ವಾರ್ಡ್ ಬಾಗಿಲಲ್ಲಿ "ನಾನು ಅವರ ಚಿಕ್ಕಪ್ಪ, ಏನಾಗಿದೆ ಹೇಳಿ" ಎಂದು ಒಬ್ಬರು ಕೇಳಿದರು ಅನ್ನಿ. "ಗೋಪ್ಯ, ಹೇಳುವಂತಿಲ್ಲ" ಎಂದರೆ ಜಗಳ. ಜಗಳ ಬೇಡವೆಂದು ನರ್ಸ್ ಅರ್ಧ ಹೇಳಿಬಿಡುತ್ತಾರೆ. ಅದರ ಬದಲು: "ನಿಮ್ಮ ಗಾಬರಿ ಅರ್ಥವಾಗುತ್ತೆ. ಯಾರಿಗೆ ಹೇಳಬಹುದು ಅಂತ ರೋಗಿಯನ್ನೇ ಕೇಳಿ ಬರ್ತೀನಿ, ಎರಡು ನಿಮಿಷ ಕೂತಿರಿ." ಈ ವಾಕ್ಯದಲ್ಲಿ ನಿರಾಕರಣೆ ಇಲ್ಲ, ಮಾಹಿತಿಯೂ ಇಲ್ಲ. ಇಂಥ ಐದಾರು ವಾಕ್ಯಗಳನ್ನು ಬಾಯಿಪಾಠ ಆಗುವವರೆಗೆ ಆಡಿಸುವುದೇ ತರಬೇತಿ.

ಪಾಠವನ್ನು ಹುದ್ದೆಯ ಪ್ರಕಾರ ಹಂಚಬೇಡಿ, ಮಾಹಿತಿ ಸೋರುವ ಜಾಗದ ಪ್ರಕಾರ ಹಂಚಿ: ಕೌಂಟರ್, ಫೋನ್, ಹಾಸಿಗೆಯ ಪಕ್ಕ, ಕಂಪ್ಯೂಟರ್, ಮೊಬೈಲ್, ಪ್ರಿಂಟರ್, ಕಸದ ಬುಟ್ಟಿ. ವೈದ್ಯರೂ ಪ್ರಿಂಟರ್ ಬಳಸುತ್ತಾರೆ, ಅಟೆಂಡರ್ ಕೂಡ ಫೋನ್ ಎತ್ತುತ್ತಾರೆ.

ಕೌಂಟರ್‌ಕಿಟಕಿ
ಕೌಂಟರ್ ಬಗ್ಗೆ ನಾನು ಬರೆಯುತ್ತೇನೆ, ಸೋರಿಕೆ ಅಲ್ಲಿಂದಲೇ ಶುರು.

ಹೆಸರು, ವಯಸ್ಸು, ಫೋನ್ ನಂಬರ್, "ಏನು ತೊಂದರೆ?" ಈ ನಾಲ್ಕನ್ನೂ ಗಟ್ಟಿಯಾಗಿ ಕೇಳುವ ಅಭ್ಯಾಸ ಎಲ್ಲ ಕಡೆ ಇದೆ. ಹಿಂದೆ ನಿಂತ ಐದು ಜನಕ್ಕೆ ಅಷ್ಟು ಸಾಕು. ಮಾಡಬೇಕಾದದ್ದು: ತೊಂದರೆಯನ್ನು ಬಾಯಲ್ಲಿ ಕೇಳದೆ ಚೀಟಿಯಲ್ಲಿ ಬರೆಸಿ, ಅಥವಾ ವಿಭಾಗಗಳ ಪಟ್ಟಿ ಮುಂದಿಟ್ಟು ಬೆರಳು ತೋರಿಸಲು ಹೇಳಿ. ಓದು ಬಾರದವರಿಗೆ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಮೆಲ್ಲಗೆ ಕೇಳಿ. ಫೋನ್ ನಂಬರ್ ನೀವು ಓದಿ "ಇದೇ ತಾನೇ?" ಅನ್ನಬೇಡಿ. ಅವರೇ ಹೇಳಲಿ, ನೀವು ಪರದೆ ನೋಡಿ ತಾಳೆ ಮಾಡಿ. ಇದರಿಂದ ಗುರುತಿನ ಪರಿಶೀಲನೆಯೂ ಆಗುತ್ತದೆ. ನೀವೇ ಓದಿದರೆ ಯಾರು ಬೇಕಾದರೂ "ಹೌದು" ಅನ್ನಬಹುದು. ಸರದಿ ಬಂದಾಗ ಟೋಕನ್ ನಂಬರ್ ಕರೆಯಿರಿ. ಹೆಸರು ಕರೆಯಲೇಬೇಕಾದರೆ ವಿಭಾಗದ ಹೆಸರು ಜೊತೆಗೆ ಸೇರಿಸಬೇಡಿ.

ಫೋನ್‌ಗೆ ಮೂರು ಹೆಜ್ಜೆ.
1. ಕರೆ ಮಾಡಿದವರ ಹೆಸರು, ರೋಗಿಗೆ ಏನಾಗಬೇಕು, ಯಾವ ವಿಷಯಕ್ಕೆ ಎಂದು ಬರೆದುಕೊಳ್ಳಿ. ರೋಗಿ ಇಲ್ಲಿದ್ದಾರೆ ಎಂದೂ ಹೇಳಬೇಡಿ, ಇಲ್ಲ ಎಂದೂ ಹೇಳಬೇಡಿ.
2. "ದಾಖಲೆಯಲ್ಲಿರುವ ನಂಬರ್‌ಗೆ ನಾವೇ ಕರೆ ಮಾಡ್ತೀವಿ" ಎಂದು ಇಟ್ಟುಬಿಡಿ. ಅವರು ಕೊಡುವ ಹೊಸ ನಂಬರ್‌ಗೆ ಕರೆ ಮಾಡಬಾರದು.
3. ದಾಖಲೆಯಲ್ಲಿ "ಇವರಿಗೆ ಹೇಳಬಹುದು" ಎಂದು ರೋಗಿ ಬರೆಸಿದ ಹೆಸರಿದ್ದರೆ ಮಾತ್ರ ಮುಂದಿನ ಮಾತು.

ಪೊಲೀಸ್, ವಿಮಾ ಕಂಪನಿ, ಇನ್ನೊಂದು ಆಸ್ಪತ್ರೆ ಎಂದು ಹೇಳಿಕೊಂಡು ಬರುವ ಕರೆಗೂ ಇದೇ ಕ್ರಮ. ಆ ಸಂಸ್ಥೆಯ ಸಾರ್ವಜನಿಕ ನಂಬರ್ ನಾವೇ ಹುಡುಕಿ ವಾಪಸ್ ಕರೆ ಮಾಡಬೇಕು. ಮೋಸದ ಕರೆಗಳಲ್ಲಿ ಎರಡು ಲಕ್ಷಣ ಸಾಮಾನ್ಯ: ಅವಸರ, ಮತ್ತು ದೊಡ್ಡವರ ಹೆಸರು.

ರಾತ್ರಿಪಾಳಿ
ಹಾಸಿಗೆಯ ಪಕ್ಕದ ಸಮಸ್ಯೆ ಬೇರೆ ಥರ. ಪರದೆ ಎಳೆದರೆ ಕಣ್ಣಿಗೆ ಮರೆ, ಕಿವಿಗೆ ಮರೆಯಿಲ್ಲ. ಆದರೆ ಪರದೆ ಎಳೆದ ಕೂಡಲೇ ಎಲ್ಲರಿಗೂ ಕೋಣೆಯೊಳಗೆ ಬಂದ ಭಾವನೆ ಬಂದು ದನಿ ಏರುತ್ತದೆ. ಹೊಸಬರಿಗೆ ಇದನ್ನು ಮಾತಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಪಕ್ಕದ ಹಾಸಿಗೆಯ ಮೇಲೆ ಕೂರಿಸಿ, ಪರದೆಯಾಚೆ ಮಾಮೂಲು ದನಿಯಲ್ಲಿ ಕಾಲ್ಪನಿಕ ಕೇಸ್ ಒಂದನ್ನು ಹೇಳಿ, ಕೇಳಿಸಿದ್ದನ್ನು ಬರೆಯಲು ಹೇಳಿ. ಐದು ನಿಮಿಷದ ಕೆಲಸ.

ರೌಂಡ್ಸ್‌ನಲ್ಲಿ ರೋಗನಿರ್ಣಯ, ಹೊಸ ಪರೀಕ್ಷಾ ಫಲಿತಾಂಶ, ಹಳೆಯ ಗರ್ಭಪಾತ, ಕುಡಿತ, ಮಾನಸಿಕ ಔಷಧಿ ಇವನ್ನು ಹಾಸಿಗೆಯ ಬುಡದಲ್ಲಿ ಆಡದೆ ನರ್ಸ್‌ಗಳು ಕೂರುವ ಸ್ಟೇಷನ್‌ನಲ್ಲಿ ಮೊದಲೇ ಮಾತಾಡಿ ಮುಗಿಸಿ. ಹಾಸಿಗೆಯ ಬಳಿ ನೋವು, ಊಟ, ಗಾಯ, ಇವತ್ತಿನ ಯೋಜನೆ ಸಾಕು. ಸಂಬಂಧಿಕರು ಸುತ್ತ ನಿಂತಿರುವಾಗ "ಇವರು ಇರಬಹುದಾ?" ಎಂದು ರೋಗಿಯನ್ನು ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ, ಅನ್ನಲು ಆಗುವುದೂ ಇಲ್ಲ. "ಪರೀಕ್ಷೆ ಮಾಡಬೇಕು, ಎಲ್ಲರೂ ಸ್ವಲ್ಪ ಹೊರಗಿರಿ" ಎಂದು ಎಲ್ಲರನ್ನೂ ಕಳಿಸಿ, ಆಮೇಲೆ ಒಬ್ಬರೇ ಇರುವಾಗ ಕೇಳಬೇಕು. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು ಸಿಕ್ಕುವುದು ಈ ಒಂದು ಸಂದರ್ಭದಲ್ಲೇ.

ಭಾಷೆ ಬಾರದ ರೋಗಿಗೆ ಗಂಡನನ್ನೋ ಮಗನನ್ನೋ ದುಭಾಷಿ ಮಾಡುವುದು ಎರಡು ಪಟ್ಟು ತಪ್ಪು. ಗುಟ್ಟು ಹೋಗುತ್ತದೆ, ಅನುವಾದವೂ ಅವರಿಗೆ ಬೇಕಾದ ಹಾಗಾಗುತ್ತದೆ.

ಪಾಳಿ ಬದಲಾಗುವಾಗ ಮುಂದಿನವರಿಗೆ ವಿವರ ಒಪ್ಪಿಸುವ ಹ್ಯಾಂಡೋವರ್ ಚೀಟಿಯ ವಿಷಯ ಯಾರೂ ಎತ್ತಿಲ್ಲ. ಪಾಳಿಯ ಎಲ್ಲ ರೋಗಿಗಳ ಹೆಸರು, ರೋಗ, ಔಷಧಿ ಒಂದೇ ಹಾಳೆಯಲ್ಲಿ, ಜೇಬಿನಲ್ಲಿ. ಅದು ಮನೆಗೆ, ಬಸ್ಸಿಗೆ, ಒಗೆಯುವ ಬಟ್ಟೆಗೆ ಹೋಗುತ್ತದೆ. ಹಾಳೆಗಳಿಗೆ ಸಂಖ್ಯೆ ಹಾಕಿ ಕೊಡಿ. ಪಾಳಿ ಮುಗಿದಾಗ ಬೀಗದ ಪೆಟ್ಟಿಗೆಗೆ ಹಾಕಿ ಹೋಗಲಿ, ಎಣಿಕೆ ಸರಿಹೋಗಲೇಬೇಕು.

ಗಣಕಮೂಲೆ
ಕಂಪ್ಯೂಟರ್ ಕಡೆಯ ಸಮಸ್ಯೆಯಲ್ಲಿ ಹ್ಯಾಕರ್‌ಗಿಂತ ಮುಂಚೆ ಬರುವುದು ಕುತೂಹಲ. ಸಹೋದ್ಯೋಗಿ ದಾಖಲಾದಾಗ, ನೆರೆಮನೆಯವರು ಬಂದಾಗ, ಹೆಸರುವಾಸಿ ವ್ಯಕ್ತಿ ಬಂದಾಗ ಚಿಕಿತ್ಸೆಗೆ ಸಂಬಂಧವೇ ಇಲ್ಲದವರು ಫೈಲ್ ತೆರೆದು ನೋಡುತ್ತಾರೆ. "ಯಾರಿಗೂ ಹೇಳಲಿಲ್ಲವಲ್ಲ" ಎನ್ನುವುದು ಮಾಮೂಲು ಸಮಜಾಯಿಷಿ. ನೋಡಿದ್ದೇ ಉಲ್ಲಂಘನೆ ಎಂಬುದನ್ನು ತರಬೇತಿಯಲ್ಲಿ ಬಿಡಿಸಿ ಹೇಳಬೇಕು. ನೆದರ್ಲೆಂಡ್ಸ್‌ನ ಹಾಗಾ ಆಸ್ಪತ್ರೆಯಲ್ಲಿ ಟಿವಿಯಿಂದ ಹೆಸರಾದ ಒಬ್ಬರ ದಾಖಲೆಯನ್ನು ಹತ್ತಾರು ಸಿಬ್ಬಂದಿ ತೆರೆದು ನೋಡಿದ್ದರು. ಅಲ್ಲಿನ ದತ್ತಾಂಶ ಪ್ರಾಧಿಕಾರ 2019ರಲ್ಲಿ 4,60,000 ಯೂರೊ ದಂಡ ಹಾಕಿತು, ನಂತರ ನ್ಯಾಯಾಲಯ ಅದನ್ನು ತಗ್ಗಿಸಿತು. ದಂಡಕ್ಕೆ ಕೊಟ್ಟ ಕಾರಣ ಗಮನಿಸಿ: ಲಾಗ್‌ಗಳನ್ನು ಸಾಕಷ್ಟು ಪರಿಶೀಲಿಸಲಿಲ್ಲ, ಎರಡು ಹಂತದ ಲಾಗಿನ್ ಇರಲಿಲ್ಲ. ಅಂದರೆ ಸಿಬ್ಬಂದಿಯ ಕುತೂಹಲಕ್ಕೆ ಬೆಲೆ ತೆತ್ತದ್ದು ಸಂಸ್ಥೆ.

ಲಾಗ್ ಎಂದರೆ ಯಾರು, ಯಾವಾಗ, ಯಾವ ಫೈಲ್ ತೆರೆದರು ಎಂಬ ದಾಖಲೆ. ಅದರಲ್ಲಿ ಹುಡುಕಬೇಕಾದದ್ದು: ನೋಡಿದವರ ಮತ್ತು ರೋಗಿಯ ಅಡ್ಡಹೆಸರು ಅಥವಾ ವಿಳಾಸ ಒಂದೇ ಇರುವುದು, ರೋಗಿಯೇ ಸಿಬ್ಬಂದಿಯಾಗಿರುವುದು, ಆ ವಾರ್ಡ್‌ನಲ್ಲಿ ಪಾಳಿ ಇಲ್ಲದವರು ತೆರೆದಿರುವುದು, ಡಿಸ್ಚಾರ್ಜ್ ಆಗಿ ತಿಂಗಳುಗಳಾದ ಮೇಲೆ ತೆರೆದಿರುವುದು. ತರಬೇತಿಯ ದಿನ ಒಂದು ಲಾಗ್ ಪುಟವನ್ನು ಹೆಸರು ಅಳಿಸಿ ತೆರೆದು ತೋರಿಸಿ. "ಇಷ್ಟೆಲ್ಲ ದಾಖಲಾಗುತ್ತಾ?" ಎಂಬ ಉದ್ಗಾರ ಬರುತ್ತದೆ. ಆ ಒಂದು ಪುಟ ಮಾಡುವ ಕೆಲಸ ಮೂವತ್ತು ಸ್ಲೈಡ್ ಮಾಡುವುದಿಲ್ಲ.

ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಬೇಕು. ಪೋರ್ಚುಗಲ್‌ನ ಬರೇರು ಆಸ್ಪತ್ರೆಗೆ 2018ರಲ್ಲಿ 4,00,000 ಯೂರೊ ದಂಡ ಬಿದ್ದಾಗ ಅಲ್ಲಿ ವೈದ್ಯರ ಹೆಸರಿನಲ್ಲಿ 985 ಖಾತೆ ಚಾಲ್ತಿಯಲ್ಲಿದ್ದವು, ವೈದ್ಯರಿದ್ದದ್ದು 296.

ಇನ್ನು, ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ಕೆಲಸ ಮಾಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಬೇಕು. ಇಲ್ಲದಿದ್ದರೆ ಲಾಗ್‌ಗೆ ಅರ್ಥವೇ ಇರುವುದಿಲ್ಲ.

ರಾತ್ರಿಪಾಳಿ
@ಗಣಕಮೂಲೆ ನಿಷೇಧಿಸಿದರೆ ಮುಗಿಯಿತೇ? ಒಂದು ವಾರ್ಡ್‌ಗೆ ಎರಡು ಕಂಪ್ಯೂಟರ್, ಲಾಗಿನ್ ಆಗಲು ಒಂದೂವರೆ ನಿಮಿಷ, ಎರಡು ನಿಮಿಷ ಮುಟ್ಟದಿದ್ದರೆ ಲಾಕ್. ಹತ್ತು ಗಂಟೆಯ ಔಷಧಿ ಕೊಡುವಾಗ ನರ್ಸ್ ಏನು ಮಾಡಬೇಕು? ಒಬ್ಬರು ಬೆಳಿಗ್ಗೆ ಲಾಗಿನ್ ಆಗಿ ಬಿಡುತ್ತಾರೆ, ಪಾಳಿ ಪೂರ್ತಿ ಅದರಲ್ಲೇ ನಡೆಯುತ್ತದೆ. ನಿಯಮ ಪಾಲಿಸಲು ಆಗದ ಹಾಗೆ ವ್ಯವಸ್ಥೆ ಮಾಡಿಟ್ಟು ತರಬೇತಿ ಕೊಡುವುದು ಬರೀ ಜವಾಬ್ದಾರಿ ದಾಟಿಸುವ ಕೆಲಸ.

ಗಣಕಮೂಲೆ
ಒಪ್ಪಿದೆ, ನಾನು ಅರ್ಧ ಮಾತ್ರ ಹೇಳಿದ್ದೆ. ಪರಿಹಾರ ಇದೆ: ಐಡಿ ಕಾರ್ಡ್ ತಟ್ಟಿದರೆ ತೆರೆಯುವ, ಮತ್ತೆ ತಟ್ಟಿದರೆ ಮುಚ್ಚುವ ವ್ಯವಸ್ಥೆ. ಪಾಸ್‌ವರ್ಡ್ ಪಾಳಿಯ ಆರಂಭಕ್ಕೆ ಒಮ್ಮೆ ಸಾಕು. ಲಾಕ್ ಆಗುವ ಅವಧಿಯನ್ನೂ ಜಾಗ ನೋಡಿ ಇಡಬೇಕು, ಜನ ಓಡಾಡುವ ಕಾರಿಡಾರ್‌ನ ಕಂಪ್ಯೂಟರ್‌ಗೆ ಕಡಿಮೆ, ಬೀಗ ಇರುವ ಔಷಧಿ ಕೋಣೆಗೆ ಹೆಚ್ಚು. ತುರ್ತು ಸಂದರ್ಭದಲ್ಲಿ ಅನುಮತಿ ಇಲ್ಲದ ಫೈಲ್ ತೆರೆಯಲೂ ದಾರಿ ಇರಬೇಕು: ಕಾರಣ ಟೈಪ್ ಮಾಡಿದರೆ ತೆರೆಯುತ್ತದೆ, ಮರುದಿನ ಅದನ್ನು ಒಬ್ಬರು ನೋಡಿ ಸಹಿ ಹಾಕುತ್ತಾರೆ. ಆ ಮರುದಿನದ ಸಹಿ ನಿಂತುಹೋದರೆ ತುರ್ತು ದಾರಿಯೇ ಹೆದ್ದಾರಿಯಾಗುತ್ತದೆ.

ಕಾನೂನುಕಟ್ಟೆ
ಕಾನೂನಿನ ಭಾಗವನ್ನು ತರಬೇತಿಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಇಡಬೇಡಿ. ಆದರೆ ಮೂರು ವಿಷಯ ತಪ್ಪಿಲ್ಲದೆ ಹೇಳಿ.

ಒಂದು, ಬಾಧ್ಯತೆ ಸಾವಿನೊಂದಿಗೆ ಮುಗಿಯುವುದಿಲ್ಲ. ವೈದ್ಯರ ಪ್ರತಿಜ್ಞೆಯಾದ ವಿಶ್ವ ವೈದ್ಯಕೀಯ ಸಂಘದ 1948ರ ಜಿನೀವಾ ಘೋಷಣೆಗೆ 1968ರಲ್ಲಿ "ರೋಗಿ ಸತ್ತ ಮೇಲೂ" ಎಂಬ ಮಾತು ಸೇರಿತು.

ಎರಡು, ಎಲ್ಲವನ್ನೂ ಮುಚ್ಚಿಡುವುದು ಗೋಪ್ಯತೆ ಅಲ್ಲ. ಚಿಕಿತ್ಸೆ ಕೊಡುವ ತಂಡಕ್ಕೆ ಬೇಕಾದ ಮಾಹಿತಿ ತಲುಪಲೇಬೇಕು. ರೋಗಿಯ ಮಾಹಿತಿಯನ್ನು ಹೇಗೆ ಬಳಸಬೇಕೆಂದು ಹೇಳುವ ಬ್ರಿಟನ್ನಿನ ಕ್ಯಾಲ್ಡಿಕಾಟ್ ತತ್ವಗಳು 1997ರಲ್ಲಿ ಆರು ಇದ್ದವು. 2013ರಲ್ಲಿ ಏಳನೆಯದನ್ನು ಸೇರಿಸಿದ್ದು ಈ ಕಾರಣಕ್ಕೇ: ಮಾಹಿತಿ ಹಂಚಿಕೊಳ್ಳುವ ಕರ್ತವ್ಯ ಕೆಲವೊಮ್ಮೆ ಅದನ್ನು ಕಾಯುವ ಕರ್ತವ್ಯದಷ್ಟೇ ಮುಖ್ಯ. ಹೆದರಿಸುವ ತರಬೇತಿ ಕೊಟ್ಟರೆ ಅಲರ್ಜಿಯ ವಿಷಯವನ್ನೂ ಹೇಳದ ಸಿಬ್ಬಂದಿ ತಯಾರಾಗುತ್ತಾರೆ. ಅಳತೆಗೋಲು ಒಂದೇ: ಈ ಕೆಲಸ ಮಾಡಲು ಈ ವ್ಯಕ್ತಿಗೆ ಕನಿಷ್ಠ ಎಷ್ಟು ಬೇಕು? ರೋಗಿಯನ್ನು ಸ್ಕ್ಯಾನಿಂಗ್‌ಗೆ ಒಯ್ಯುವವರಿಗೆ ಹೆಸರು, ಜಾಗ, ಬೀಳುವ ಅಪಾಯ, ಆಮ್ಲಜನಕ, ಸೋಂಕಿನ ಮುನ್ನೆಚ್ಚರಿಕೆ ಬೇಕು. ರೋಗದ ಹೆಸರು ಬೇಡ.

ಮೂರು, ವಿನಾಯಿತಿಗಳು. ವರದಿ ಮಾಡಲೇಬೇಕಾದ ಸಾಂಕ್ರಾಮಿಕ ರೋಗ, ನ್ಯಾಯಾಲಯದ ಆದೇಶ, ಮಕ್ಕಳ ಮೇಲಿನ ದೌರ್ಜನ್ಯ, ಇನ್ನೊಬ್ಬರ ಜೀವಕ್ಕೆ ಗಂಭೀರ ಅಪಾಯ. ಕೊನೆಯದಕ್ಕೆ ಎಲ್ಲರೂ ಉಲ್ಲೇಖಿಸುವುದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್‌ನ 1976ರ ಟ್ಯಾರಸಾಫ್ ತೀರ್ಪು: ರೋಗಿಯಿಂದ ಅಪಾಯ ಇರುವ ವ್ಯಕ್ತಿಯನ್ನು ಕಾಪಾಡುವ ಹೊಣೆ ಮನೋಚಿಕಿತ್ಸಕರಿಗಿದೆ ಎಂದದ್ದು. ಆದರೆ ಕೌಂಟರ್‌ನವರಿಗೂ ನರ್ಸ್‌ಗೂ ಕಲಿಸಬೇಕಾದದ್ದು ತೀರ್ಪನ್ನಲ್ಲ. "ವಿನಾಯಿತಿ ಇರಬಹುದು ಅನ್ನಿಸಿದರೆ ನೀವೇ ತೀರ್ಮಾನಿಸಬೇಡಿ, ಈ ನಂಬರ್‌ಗೆ ಕರೆ ಮಾಡಿ" ಎಂಬುದನ್ನು. ಆ ನಂಬರ್ ರಾತ್ರಿ ಎರಡಕ್ಕೂ ಎತ್ತಬೇಕು. ಪೊಲೀಸರು ಬಂದು ಕೇಸ್ ಶೀಟ್ ಕೇಳುವುದು ಆಡಳಿತ ಕಚೇರಿ ತೆರೆದಿರುವಾಗಲೇ ಎಂದೇನೂ ಇಲ್ಲ.

ಎಕ್ಸ್‌ರೇಕಣ್ಣು
ಚಿತ್ರಗಳ ಬಗ್ಗೆ. "ಹೆಸರು ತೆಗೆದಿದ್ದೇವೆ" ಎಂದು ಹೇಳಿ ಕಳಿಸುವ ಹತ್ತರಲ್ಲಿ ಹಲವು ಚಿತ್ರಗಳಲ್ಲಿ ಹೆಸರು ಇನ್ನೂ ಇರುತ್ತದೆ. ಎಲ್ಲೆಲ್ಲಿ ಅಂದರೆ:

ಸ್ಕ್ಯಾನ್ ಫೈಲ್ ಡೈಕಾಮ್ ಎಂಬ ವೈದ್ಯಕೀಯ ಚಿತ್ರದ ರೂಪದಲ್ಲಿದ್ದರೆ ಅದರ ಹೆಡರ್‌ನಲ್ಲಿ, ಅಂದರೆ ಚಿತ್ರದ ಜೊತೆ ಫೈಲ್‌ನೊಳಗೆ ಇರುವ ವಿವರದ ಭಾಗದಲ್ಲಿ, ಹೆಸರು, ಹುಟ್ಟಿದ ದಿನ, ರೋಗಿ ಸಂಖ್ಯೆ, ಆಸ್ಪತ್ರೆಯ ಹೆಸರು ಕೂತಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಹೆಸರು ಚಿತ್ರದ ಮೇಲೇ ಅಚ್ಚಾಗಿರುತ್ತದೆ, ಹೆಡರ್ ಅಳಿಸಿದರೂ ಹೋಗದು. ಮೊಬೈಲ್ ಫೋಟೊದೊಳಗೆ ದಿನಾಂಕ, ಸಮಯ, ಕೆಲವೊಮ್ಮೆ ಜಾಗದ ನಿರ್ದೇಶಾಂಕ. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ಅಕ್ಷರವನ್ನು ಆಯ್ಕೆ ಮಾಡಿ ಕಾಪಿ ಮಾಡಬಹುದು. ಕಾಗದದ ಮೇಲೆ ಮಾರ್ಕರ್ ಬಳಿದರೆ ಬೆಳಕಿಗೆ ಹಿಡಿದು ಓದಬಹುದು. ಮುಖದ ಕಣ್ಣಿಗೆ ಪಟ್ಟಿ ಹಾಕುವ ಹಳೆಯ ಪದ್ಧತಿಯಿಂದ ಪರಿಚಿತರಿಗೆ ಏನೂ ಮುಚ್ಚುವುದಿಲ್ಲ. ಹಚ್ಚೆ, ಮಚ್ಚೆ, ಒಡವೆ, ಹಿಂದಿನ ಗೋಡೆಯ ಬೋರ್ಡ್ ಕೂಡ ನೋಡಿ.

ಹೆಸರು ತೆಗೆದರೂ ಉಳಿದ ವಿವರಗಳ ಜೋಡಣೆಯೇ ವ್ಯಕ್ತಿಯನ್ನು ತೋರಿಸುತ್ತದೆ. ಅಮೆರಿಕದ ಸಂಶೋಧಕಿ ಲಟಾನ್ಯ ಸ್ವೀನಿ 1990ರ ದಶಕದಲ್ಲಿ ಹೆಸರಿಲ್ಲದ ಆಸ್ಪತ್ರೆ ದತ್ತಾಂಶವನ್ನು ಮತದಾರರ ಪಟ್ಟಿಯೊಂದಿಗೆ ಹೋಲಿಸಿ ಮ್ಯಾಸಚೂಸೆಟ್ಸ್ ರಾಜ್ಯಪಾಲರ ದಾಖಲೆಯನ್ನೇ ಗುರುತಿಸಿದರು. ಪಿನ್‌ಕೋಡ್, ಹುಟ್ಟಿದ ದಿನ, ಲಿಂಗ ಈ ಮೂರರಿಂದಲೇ ಅಮೆರಿಕದ 87% ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದು ಎಂಬುದು ಅವರ 2000ದ ಅಂದಾಜು. ಆರೋಗ್ಯ ಮಾಹಿತಿಯ ಗೋಪ್ಯತೆ ಕಾಯುವ ಅಮೆರಿಕದ ಹಿಪಾ ನಿಯಮ ತೆಗೆಯಬೇಕಾದ 18 ಗುರುತುಗಳ ಪಟ್ಟಿ ಕೊಡುತ್ತದೆ: ವರ್ಷ ಬಿಟ್ಟು ಉಳಿದ ದಿನಾಂಕಗಳು, 89 ದಾಟಿದ ವಯಸ್ಸು, ವಾಹನ ಸಂಖ್ಯೆ, ಪೂರ್ಣ ಮುಖದ ಫೋಟೊ ಎಲ್ಲ ಅದರಲ್ಲಿವೆ. ಯಾವ ದೇಶದಲ್ಲಿದ್ದರೂ ಕೇಸ್ ಪ್ರೆಸೆಂಟೇಷನ್ ಮಾಡುವ ವಿದ್ಯಾರ್ಥಿಗಳಿಗೆ ಆ ಪಟ್ಟಿ ಕೈಗೆ ಕೊಡಿ. ಅಪರೂಪದ ರೋಗವಾದರೆ ಅದೂ ಸಾಲದು. ರೋಗವೇ ಹೆಸರಾಗಿಬಿಡುತ್ತದೆ.

ತರಬೇತಿಮೇಜು
ಎಲ್ಲರಿಗೂ ಧನ್ಯವಾದ. ವಾಟ್ಸ್ಆ್ಯಪ್ ಗ್ರೂಪ್ ಬಗ್ಗೆ ಏನು ಮಾಡಬೇಕು? ನಿಷೇಧ ಹಾಕಿದರೆ ಕದ್ದು ನಡೆಯುತ್ತದೆ.

ಗಣಕಮೂಲೆ
ಆಸ್ಪತ್ರೆಯದೇ ಸುರಕ್ಷಿತ ಸಂದೇಶ ಆ್ಯಪ್ ಇದ್ದರೆ ಅದು ಮಾತ್ರ. ಇಲ್ಲದಿದ್ದರೆ ಹಾನಿ ಕಡಿಮೆ ಮಾಡುವ ದಾರಿ: ಸಂದೇಶದಲ್ಲಿ ಹೆಸರಿಲ್ಲ, ಮುಖವಿಲ್ಲ, ಹಾಸಿಗೆ ಸಂಖ್ಯೆ ಮಾತ್ರ. ಫೋಟೊ ತಾನಾಗಿ ಗ್ಯಾಲರಿಗೆ ಉಳಿಯುವುದನ್ನು ಸೆಟಿಂಗ್ಸ್‌ನಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಮನೆಯ ಮಕ್ಕಳು ಫೋನ್ ಹಿಡಿದಾಗ ಗಾಯದ ಫೋಟೊ ಎದುರಾಗುತ್ತದೆ. ಕ್ಲೌಡ್ ಬ್ಯಾಕಪ್‌ನಲ್ಲಿ ಪ್ರತಿ ಉಳಿಯುತ್ತದೆ ಎಂಬುದು ನೆನಪಿರಲಿ. ಲಾಕ್ ಪರದೆಯ ಮೇಲೆ ಸಂದೇಶ ಕಾಣಿಸದಂತೆ ಮಾಡಿ. ಕಂಪ್ಯೂಟರ್‌ನಲ್ಲಿ ತೆರೆದಿಟ್ಟ ವೆಬ್ ಲಾಗಿನ್ ಮುಚ್ಚಿ. ಕೆಲಸ ಬಿಟ್ಟವರನ್ನು ಗ್ರೂಪ್‌ನಿಂದ ತೆಗೆಯುವ ಹೊಣೆ ಒಬ್ಬರ ಹೆಸರಿಗೆ ಬರೆಯಿರಿ. ಎಲ್ಲರ ಕೆಲಸ ಎಂದರೆ ಯಾರೂ ಮಾಡುವುದಿಲ್ಲ.

ಮನಸ್ಸುವಿಭಾಗ
ಮಾನಸಿಕ ಆರೋಗ್ಯ, ಎಚ್‌ಐವಿ, ಗರ್ಭಪಾತ, ವ್ಯಸನ ಚಿಕಿತ್ಸೆ ವಿಭಾಗಗಳಿಗೆ ಪ್ರತ್ಯೇಕ ಅಧಿವೇಶನ ಬೇಕು. ಇಲ್ಲಿ "ಬಂದಿದ್ದರು" ಎಂಬುದೇ ಗುಟ್ಟು. ಅಪಾಯಿಂಟ್‌ಮೆಂಟ್ ನೆನಪಿಸುವ ಎಸ್ಎಂಎಸ್‌ನಲ್ಲಿ ವಿಭಾಗದ ಹೆಸರು ಬೇಡ. ಬಿಲ್‌ನಲ್ಲಿ, ಔಷಧಿ ಚೀಲದ ಮೇಲೆ, ರಜೆಗೆ ಕೊಡುವ ಪ್ರಮಾಣಪತ್ರದ ಮುದ್ರೆಯಲ್ಲಿ ಕೂಡ ಬೇಡ. ಲಂಡನ್ನಿನ ಒಂದು ಲೈಂಗಿಕ ಆರೋಗ್ಯ ಕ್ಲಿನಿಕ್ 2015ರಲ್ಲಿ ಎಚ್‌ಐವಿ ಸೇವೆ ಬಳಸುವವರ ಸುದ್ದಿಪತ್ರವನ್ನು 781 ಜನರಿಗೆ ಕಳಿಸುವಾಗ ಇಮೇಲ್ ವಿಳಾಸಗಳನ್ನು ಒಬ್ಬರದು ಇನ್ನೊಬ್ಬರಿಗೆ ಕಾಣದ ಬಿಸಿಸಿ ಖಾನೆಯ ಬದಲು "ಟು" ಖಾನೆಯಲ್ಲಿ ಹಾಕಿತು. ಪ್ರತಿಯೊಬ್ಬರಿಗೂ ಉಳಿದವರ ವಿಳಾಸ ಕಂಡಿತು. ದಂಡ 1,80,000 ಪೌಂಡ್. ಅಲ್ಲಿ ಒಬ್ಬರ ಎಚ್ಚರ ತಪ್ಪಿತು ಎನ್ನುವುದಕ್ಕಿಂತ, ನೂರಾರು ಜನರಿಗೆ ಕಳಿಸುವ ಪತ್ರವನ್ನು ಮಾಮೂಲು ಮೇಲ್‌ನಿಂದ ಕೈಯಾರೆ ಕಳಿಸುವ ಏರ್ಪಾಡೇ ತಪ್ಪು.

ಕಡತಪಾಲಕ
ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿಯವರನ್ನು ಬಿಟ್ಟು ತರಬೇತಿ ಮಾಡುವವರೇ ಹೆಚ್ಚು, ಗುತ್ತಿಗೆಯವರಾದರಂತೂ ಲೆಕ್ಕಕ್ಕೇ ಇಲ್ಲ. ಆದರೆ ಕಸ ಎತ್ತುವವರು ಅವರು, ಯಾರು ಯಾವ ಕೋಣೆಗೆ ಹೋದರೆಂದು ನೋಡುವವರು ಅವರು. ಅವರಿಗೆ ಇಪ್ಪತ್ತು ನಿಮಿಷ, ಓದಲು ಏನೂ ಇಲ್ಲದೆ, ವಸ್ತುಗಳನ್ನು ಮೇಜಿನ ಮೇಲಿಟ್ಟು: ಕೈಪಟ್ಟಿ, ಸೆಲೈನ್ ಬಾಟಲಿಯ ಸ್ಟಿಕ್ಕರ್, ಸ್ಯಾಂಪಲ್ ಟ್ಯೂಬ್‌ನ ಲೇಬಲ್, ಹಳೆಯ ಎಕ್ಸ್‌ರೇ, ಪ್ರಿಂಟರ್‌ನ ಹಾಳಾದ ಹಾಳೆ. ಯಾವುದು ಯಾವ ಡಬ್ಬಕ್ಕೆ ಎಂದು ಕೈಯಾರೆ ಹಾಕಿಸಿ.

ಕಾಗದ ಕತ್ತರಿಸುವ ಯಂತ್ರ ಉದ್ದುದ್ದ ಪಟ್ಟಿ ಮಾಡುವಂಥದ್ದಾದರೆ ಪ್ರಯೋಜನ ಕಡಿಮೆ, ಪಟ್ಟಿ ಜೋಡಿಸಿ ಓದಬಹುದು. ಅಡ್ಡ ಕತ್ತರಿಸುವ ಪಿ-4 ದರ್ಜೆ ಕೇಳಿ. ಅದರಲ್ಲಿ ಒಂದು ಚೂರು 160 ಚದರ ಮಿಲಿಮೀಟರ್ ಮೀರುವುದಿಲ್ಲ.

ಬಾಡಿಗೆಯ ಝೆರಾಕ್ಸ್ ಯಂತ್ರ ಹಿಂದಿರುಗಿಸುವ ಮುನ್ನ ಅದರ ಹಾರ್ಡ್ ಡಿಸ್ಕ್ ಅಳಿಸಬೇಕು. ನಕಲು ಮಾಡಿದ ಪುಟಗಳು ಅದರಲ್ಲಿ ಉಳಿದಿರಬಹುದು. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಆರೋಗ್ಯ ವಿಮಾ ಸಂಸ್ಥೆ ಇದೇ ಕಾರಣಕ್ಕೆ 2013ರಲ್ಲಿ 12 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಿತು.

ಅಧಿವೇಶನದ ಅಳತೆ: ಆರರಿಂದ ಎಂಟು ಜನ, ಪಾಳಿ ಬದಲಾಗುವ ಹೊತ್ತು, ಕೆಲಸದ ಜಾಗದಲ್ಲೇ, ಇಪ್ಪತ್ತು ನಿಮಿಷ, ಒಂದೇ ಸನ್ನಿವೇಶ. ಒಬ್ಬರು ಒತ್ತಾಯ ಮಾಡುವ ಸಂಬಂಧಿಕ, ಒಬ್ಬರು ಸಿಬ್ಬಂದಿ, ಉಳಿದವರು ಏನು ಹೊರಬಿತ್ತು ಎಂದು ಬರೆಯುವವರು. ಸಂಬಂಧಿಕರ ಪಾತ್ರಕ್ಕೆ ಸ್ವಲ್ಪ ಜೋರಿನವರನ್ನೇ ಆರಿಸಿ. ಎರಡನೇ ಸಲ ಪಾತ್ರ ಬದಲಿಸಿ. ಮುಂದಿನ ತಿಂಗಳು ಬೇರೆ ಸನ್ನಿವೇಶ. ಹೊಸಬರಿಗೆ ಲಾಗಿನ್ ಕೊಡುವ ಮೊದಲೇ ಮೊದಲ ಅಧಿವೇಶನ ಆಗಿರಬೇಕು.

ಕೌಂಟರ್‌ಕಿಟಕಿ
ಅಳೆಯುವ ವಿಷಯಕ್ಕೆ: ತಿಂಗಳಿಗೊಮ್ಮೆ ಕಾಯುವ ಕುರ್ಚಿಯಲ್ಲಿ ಒಬ್ಬರು ಹದಿನೈದು ನಿಮಿಷ ಕೂತು, ಎಷ್ಟು ರೋಗಿಗಳ ಗುರುತು ಮತ್ತು ತೊಂದರೆ ಎರಡೂ ಕೇಳಿಸಿತೆಂದು ಎಣಿಸಲಿ. ಬರೆಯುವುದು ಸಂಖ್ಯೆ ಮಾತ್ರ, ಹೆಸರಲ್ಲ. ಪಾಳಿಯ ಕೊನೆಗೆ ಪ್ರಿಂಟರ್ ತಟ್ಟೆಯಲ್ಲಿ ಉಳಿದ ಹಾಳೆ ಎಣಿಸಿ. ಪರೀಕ್ಷಾ ಕರೆ ಮಾಡಿಸಿ, ಆದರೆ "ಈ ತಿಂಗಳಿನಿಂದ ಇಂಥ ಕರೆ ಬರಬಹುದು" ಎಂದು ಮೊದಲೇ ತಿಳಿಸಿ. ಕರೆಯಲ್ಲಿ ಸೋತವರ ಹೆಸರು ಬೋರ್ಡ್ ಮೇಲೆ ಬರಬಾರದು.

ರಾತ್ರಿಪಾಳಿ
ಆ ಕೊನೆಯ ಮಾತಿಗೆ ಒತ್ತು ಕೊಡಿ. 2012ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಆಸ್ಟ್ರೇಲಿಯಾದ ರೇಡಿಯೊ ನಿರೂಪಕರಿಬ್ಬರು ರಾಜಮನೆತನದವರಂತೆ ನಟಿಸಿ ಕರೆ ಮಾಡಿದರು. ಕರೆ ವಾರ್ಡ್‌ಗೆ ದಾಟಿತು, ರೋಗಿಯ ಸ್ಥಿತಿ ಹೊರಬಿತ್ತು, ಜಗತ್ತೆಲ್ಲ ನಕ್ಕಿತು. ಕರೆ ದಾಟಿಸಿದ ನರ್ಸ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಕೆ ಕರೆ ಎತ್ತಿದ್ದು ಬೆಳಗಿನ ಜಾವ. ಅಂಥ ಹೊತ್ತಿನಲ್ಲಿ ಫೋನ್ ಎತ್ತುವವರನ್ನು ಒಂಟಿಯಾಗಿ ಬಿಟ್ಟು, ಆಮೇಲೆ ಅವರನ್ನೇ ಹೊಣೆ ಮಾಡುವ ತರಬೇತಿ ಬೇಡ. ಕೈತಪ್ಪಿ ಆದ ತಪ್ಪು, ಎಲ್ಲರೂ ಮಾಡುವ ಅಡ್ಡದಾರಿ, ಬೇಕೆಂದೇ ಮಾಡಿದ್ದು, ಈ ಮೂರಕ್ಕೂ ಒಂದೇ ಶಿಕ್ಷೆ ಇದ್ದರೆ ಯಾರೂ ಯಾವುದನ್ನೂ ವರದಿ ಮಾಡುವುದಿಲ್ಲ. ತರಬೇತಿ ಶುರುವಾದ ಮೇಲೆ "ಇನ್ನೇನು ತಪ್ಪಾಗುತ್ತಿತ್ತು" ಎಂಬ ವರದಿಗಳು ಏರಿದರೆ ಗಾಬರಿಯಾಗಬೇಡಿ, ಜನ ಹೇಳಲು ಶುರು ಮಾಡಿದ್ದಾರೆ ಅಷ್ಟೆ.

ತರಬೇತಿಮೇಜು
ಕೊನೆಯ ಪ್ರಶ್ನೆ. ರಿಪೋರ್ಟ್ ತಪ್ಪು ವ್ಯಕ್ತಿಗೆ ಹೋಗಿಯೇ ಬಿಟ್ಟಿತು. ಮೊದಲ ಒಂದು ಗಂಟೆಯಲ್ಲಿ ಸಿಬ್ಬಂದಿ ಏನು ಮಾಡಬೇಕೆಂದು ಕಾರ್ಡ್‌ನಲ್ಲಿ ಬರೆಯಲಿ?

ಕಾನೂನುಕಟ್ಟೆ
ಹೀಗೆ ಬರೆಯಿರಿ.
1. ತಲುಪಿದವರಿಗೆ ಕರೆ ಮಾಡಿ: ತೆರೆಯಬೇಡಿ, ಮುಂದೆ ಕಳಿಸಬೇಡಿ. ಕಾಗದವಾದರೆ ನಾವೇ ಬಂದು ಒಯ್ಯುತ್ತೇವೆ. ಮೇಲ್ ಆದರೆ ಅಳಿಸಿ, ಅಳಿಸಿದ್ದನ್ನು ಬರೆದು ತಿಳಿಸಿ.
2. ನಿಮ್ಮ ಕಡೆಯ ಮೇಲ್, ಸಂದೇಶ, ಪ್ರತಿ ಏನನ್ನೂ ಅಳಿಸಬೇಡಿ. ಗಾಬರಿಯಲ್ಲಿ ಸಾಕ್ಷ್ಯ ಅಳಿಸುವುದೇ ಆಗಾಗ ಆಗುವ ಎರಡನೇ ತಪ್ಪು.
3. ಯಾರ, ಯಾವ ಮಾಹಿತಿ, ಯಾರಿಗೆ, ಎಷ್ಟು ಗಂಟೆಗೆ ಎಂದು ನಾಲ್ಕು ಸಾಲು ಬರೆಯಿರಿ.
4. ಗೋಪ್ಯತೆ ಅಧಿಕಾರಿಗೆ ಕೂಡಲೇ ಕರೆ. ಮೇಲ್ ಸಾಲದು.
5. ರೋಗಿಗೆ ನೀವಾಗಿ ಹೇಳಲು ಹೋಗಬೇಡಿ. ಯಾರು, ಯಾವಾಗ ಹೇಳಬೇಕೆಂದು ಅಧಿಕಾರಿ ತೀರ್ಮಾನಿಸುತ್ತಾರೆ.

ಗಂಟೆ ಬರೆಯುವುದು ಏಕೆಂದರೆ ಕಾನೂನಿನ ಗಡಿಯಾರ ತಿಳಿದ ಕ್ಷಣದಿಂದ ಓಡುತ್ತದೆ. ಯುರೋಪಿನ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್ ಪ್ರಕಾರ ಪ್ರಾಧಿಕಾರಕ್ಕೆ ತಿಳಿಸಲು 72 ಗಂಟೆ. ಅಮೆರಿಕದಲ್ಲಿ ರೋಗಿಗೆ ತಿಳಿಸಲು ಹೆಚ್ಚೆಂದರೆ 60 ದಿನ. ಭಾರತದಲ್ಲಿ ಸೈಬರ್ ಘಟನೆಯಾದರೆ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಲು 6 ಗಂಟೆ. ಕಾರ್ಡ್‌ನ ಹಿಂಬದಿಯಲ್ಲಿ ನಿಮಗೆ ಅನ್ವಯಿಸುವ ಅವಧಿ, ಅಧಿಕಾರಿಯ ನಂಬರ್, ಅವರು ರಜೆಯಲ್ಲಿದ್ದರೆ ಬದಲಿಯವರ ನಂಬರ್ ಇರಲಿ.